ಹಳೇ ಮೊಬೈಲಿನ ಚಿನ್ನ: ಆಸಿಡ್ ಬೇಡ, ಕರೆಂಟ್ ಸಾಕೇ?

ಪ್ರಶ್ನೆ: ಶಿರಸಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಹನ್ನೊಂದು ವರ್ಷದಲ್ಲಿ ಸತ್ತ ಬೋರ್ಡುಗಳೇ ಎರಡು ಚೀಲ ಆಗಿವೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಾರೆ. ಇವುಗಳಲ್ಲಿ ಚಿನ್ನ ಇದೆ ಅಂತ ಗೊತ್ತು. ಆಸಿಡ್ ಹಾಕಿ ತೆಗೆಯುವ ವಿಡಿಯೋ ನೋಡಿದ್ದೇನೆ, ಹೊಗೆ ನೋಡಿ ಹೆದರಿಕೆ ಆಯಿತು. ಈಗ ಆಸಿಡ್ ಇಲ್ಲದೆ ಕರೆಂಟಿನಿಂದಲೇ ತೆಗೆಯಬಹುದು, ಅದು ಪರಿಸರಕ್ಕೂ ಒಳ್ಳೆಯದು ಅನ್ನುತ್ತಾರೆ. ನಿಜವೇ? ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಮಾಡಬಹುದೇ?

ಉತ್ತರ: ನೀವು ಕೇಳಿದ್ದು ಎರಡು ಪ್ರಶ್ನೆ. ಕರೆಂಟಿನಿಂದ ಚಿನ್ನ ತೆಗೆಯಬಹುದೇ ಎಂದರೆ, ಹೌದು. ಹಿಂದಿನ ಕೋಣೆಯಲ್ಲಿ ಮಾಡಬಹುದೇ ಎಂದರೆ, ದಯವಿಟ್ಟು ಬೇಡ. ಎರಡಕ್ಕೂ ಕಾರಣ ಚಿನ್ನದಲ್ಲಿಲ್ಲ, ತಾಮ್ರದಲ್ಲಿದೆ. ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಶಿರಸಿಯವರು ಅಂದಮೇಲೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವುದನ್ನು ನೀವು ನೋಡೇ ಇರುತ್ತೀರಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತಾರಲ್ಲ, ಮೈಲುತುತ್ತದ ನೀರು ಮತ್ತು ಸುಣ್ಣದ ನೀರು ಸೇರಿಸಿ. ಹದ ಸರಿ ಬಂತೋ ಇಲ್ಲವೋ ನೋಡಲು ಒಂದು ಚೊಕ್ಕ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ನಾನು ಚಿಕ್ಕವಳಿದ್ದಾಗ ಆ ಕೆಂಪು ಬರುವುದನ್ನು ನೋಡಲೆಂದೇ ಹಂಡೆಯ ಹತ್ತಿರ ನಿಲ್ಲುತ್ತಿದ್ದೆ. ಆಮೇಲೆ ಇಡೀ ಜೀವನ ವಿದ್ಯುತ್ ರಸಾಯನವನ್ನೇ ಓದಿದೆ, ಕಾರವಾರದಲ್ಲಿ ಅದನ್ನೇ ಕಲಿಸಿದೆ. ಆದರೂ ವಿಷಯದ ಬುಡ ಆ ಕತ್ತಿಯಲ್ಲೇ ಇತ್ತು.

ಆ ಕೆಂಪು ಅಂದರೆ ತಾಮ್ರ. ನೀಲಿ ನೀರಿನಲ್ಲಿ ತಾಮ್ರ ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿ ಇರುತ್ತದೆ. ಕಬ್ಬಿಣ ತನ್ನ ಎಲೆಕ್ಟ್ರಾನನ್ನು ಅದಕ್ಕೆ ಕೊಟ್ಟು ತಾನು ಕರಗುತ್ತದೆ. ತಾಮ್ರ ಲೋಹವಾಗಿ ಕತ್ತಿಗೆ ಅಂಟುತ್ತದೆ. ಇದರ ತಿರುಗುಮುರುಗು ಆಗುವುದಿಲ್ಲ. ತಾಮ್ರದ ತಂತಿಯನ್ನು ಕಬ್ಬಿಣ ಕರಗಿದ ಹಸಿರು ನೀರಿನಲ್ಲಿ, ಅಂದರೆ ಫೆರಸ್ ಸಲ್ಫೇಟಿನಲ್ಲಿ, ಅದ್ದಿದರೆ ಏನೂ ಹತ್ತುವುದಿಲ್ಲ. ಲೋಹಗಳಿಗೆ ಹೀಗೆ ಒಂದು ಮೆಟ್ಟಿಲು ಇದೆ. ಅದನ್ನು ವೋಲ್ಟಿನಲ್ಲಿ ಅಳೆಯುತ್ತಾರೆ. ಸತು ಮೈನಸ್ 0.76, ಕಬ್ಬಿಣ ಮೈನಸ್ 0.44, ನಿಕ್ಕಲ್ ಮೈನಸ್ 0.25ರ ಆಸುಪಾಸು, ತವರ ಮತ್ತು ಸೀಸ ಸೊನ್ನೆಗಿಂತ ಒಂಚೂರು ಕೆಳಗೆ. ತಾಮ್ರ ಪ್ಲಸ್ 0.34, ಬೆಳ್ಳಿ 0.80, ಪಲ್ಲಾಡಿಯಂ ಎಂಬ ದುಬಾರಿ ಲೋಹ 0.95. ಎಲ್ಲಕ್ಕಿಂತ ಮೇಲೆ ಚಿನ್ನ, 1.50. ಮೇಲಿನ ಮೆಟ್ಟಿಲಿನ ಲೋಹವನ್ನು ಕರಗಿಸುವುದು ಕಷ್ಟ, ಕರಗಿದ್ದನ್ನು ವಾಪಸ್ ಲೋಹ ಮಾಡುವುದು ಸುಲಭ.

ಈಗ ನಿಮ್ಮ ಚೀಲಕ್ಕೆ ಬರೋಣ. ಅಮೆರಿಕದ ಪರಿಸರ ಇಲಾಖೆ ಹಿಂದೊಮ್ಮೆ ಕೊಟ್ಟ ಲೆಕ್ಕದ ಪ್ರಕಾರ 10 ಲಕ್ಷ ಫೋನುಗಳಿಂದ ಸುಮಾರು 34 ಕೆಜಿ ಚಿನ್ನ, 350 ಕೆಜಿ ಬೆಳ್ಳಿ, 15 ಕೆಜಿ ಪಲ್ಲಾಡಿಯಂ, 16 ಟನ್ ಹತ್ತಿರ ತಾಮ್ರ ಸಿಗುತ್ತದೆ. ಸಾವಿರ ಫೋನಿಗೆ ಇಳಿಸಿದರೆ 34 ಗ್ರಾಂ ಚಿನ್ನ ಮತ್ತು 16 ಕೆಜಿ ತಾಮ್ರ. ಇದು ಹಳೇ ಕಾಲದ ಫೋನುಗಳ ಲೆಕ್ಕ. ಈಚಿನ ಬೋರ್ಡುಗಳಲ್ಲಿ ಚಿನ್ನದ ಲೇಪ ತೆಳುವಾಗಿದೆ, ಹಾಗಾಗಿ ಅಷ್ಟನ್ನೇ ನಂಬಿ ಕೂರಬೇಡಿ. ಆದರೂ ಚಿನ್ನ ಕಮ್ಮಿ ಏನಿಲ್ಲ. ರಾಯಚೂರಿನ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಒಂದು ಟನ್ ಹಳೇ ಫೋನಿನಲ್ಲಿ 300 ಗ್ರಾಂ ದಾಟಬಹುದು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಅದರಲ್ಲಿ ಸರಿಯಾದ ದಾರಿಯಲ್ಲಿ ಮರುಬಳಕೆಗೆ ಹೋಗಿದ್ದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ಲೆಕ್ಕ ಹೇಳುತ್ತದೆ. ಇಷ್ಟು ಒಳ್ಳೆಯ ಅದಿರನ್ನು ನಾವು ಗುಂಡಿಗೆ ಹಾಕುತ್ತಿದ್ದೇವೆ ಅನ್ನುವುದು ನನಗೆ ಸಂಕಟದ ವಿಷಯ.

ಆದರೆ ಆ 34 ಗ್ರಾಂ ಮತ್ತು 16 ಕೆಜಿಯ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಒಂದು ಗ್ರಾಂ ಚಿನ್ನದ ಜೊತೆ ಹತ್ತಿರ ಹತ್ತಿರ 470 ಗ್ರಾಂ ತಾಮ್ರ ಇದೆ. ಚಿನ್ನ ಬೇಕು ಅಂತ ಆಸಿಡ್ ಸುರಿದರೆ ಅದು ಮೊದಲು ತಾಮ್ರವನ್ನೇ ತಿನ್ನುತ್ತದೆ. ಒಂದು ಕೆಜಿ ತಾಮ್ರವನ್ನು ಗಟ್ಟಿ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಲು ಶುದ್ಧ ಲೆಕ್ಕದಲ್ಲೇ 4 ಕೆಜಿ ಆಸಿಡ್ ಬೇಕು. ಜೊತೆಗೆ ಒಂದೂವರೆ ಕೆಜಿಯಷ್ಟು ನೈಟ್ರೋಜನ್ ಡೈಆಕ್ಸೈಡ್ ಎದ್ದು ಬರುತ್ತದೆ. ನೀವು ವಿಡಿಯೋದಲ್ಲಿ ನೋಡಿದ ಕಂದು ಹೊಗೆ ಅದೇ. ಅದರ ಮೋಸ ಏನೆಂದರೆ, ಉಸಿರಿಗೆ ಹೋದಾಗ ಗಂಟಲು ಕೆರೆದಂತಾಗಿ ಸುಮ್ಮನಾಗುತ್ತದೆ. ಎಷ್ಟೋ ಗಂಟೆ ಬಿಟ್ಟು, ಕೆಲವೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಓದುವ ದಿನಗಳಲ್ಲಿ ನಾನು ಒಮ್ಮೆ ಫ್ಯಾನ್ ಹಾಕದ ಹೊಗೆಗೂಡಿನ ಮುಂದೆ ತಾಮ್ರದ ಚೂರೊಂದನ್ನು ನೈಟ್ರಿಕ್‌ನಲ್ಲಿ ಹಾಕಿ ನಿಂತಿದ್ದೆ. ಬೆರಳುಗುರಿನಷ್ಟು ಚೂರು. ರಾತ್ರಿಯಿಡೀ ಕೆಮ್ಮಿದೆ. ನಿಮ್ಮ ಚೀಲದಲ್ಲಿ ಇರುವುದು ಕೆಜಿಗಟ್ಟಲೆ.

ಇನ್ನೂ ಒಂದಿದೆ, ವಿಡಿಯೋದವರು ತೋರಿಸದೇ ಇರುವುದು. ಬೋರ್ಡಿನ ಬೆಸುಗೆಯಲ್ಲಿ ತವರ ಇರುತ್ತದೆ. ನೈಟ್ರಿಕ್‌ನಲ್ಲಿ ತವರ ಕರಗಿ ನೀರಾಗುವುದಿಲ್ಲ, ಒಡೆದ ಹಾಲಿನ ಹಾಗೆ ಬಿಳಿ ಗಸಿಯಾಗುತ್ತದೆ. ಚಿನ್ನದ ಸಣ್ಣ ಕಣಗಳು ಆ ಗಸಿಯಲ್ಲಿ ಸಿಕ್ಕಿಹಾಕಿಕೊಂಡು ಸೋಸಿದರೂ ಬಾರದೆ ಅದರ ಜೊತೆಗೇ ಚರಂಡಿಗೆ ಹೋಗುತ್ತವೆ. ಪಲ್ಲಾಡಿಯಂ ಅಂತೂ ನೈಟ್ರಿಕ್‌ಗೆ ಕರಗಿ ಗೊತ್ತೇ ಆಗದೆ ಹೋಗುತ್ತದೆ. ಇಷ್ಟೆಲ್ಲ ವಿಷ ಕುಡಿದು ಕೈಗೆ ಬರುವುದು ಇದ್ದದ್ದರಲ್ಲಿ ಒಂದು ಪಾಲು.

ಹಾಗಾದರೆ ಕರೆಂಟಿನ ದಾರಿ ಏನು? ನೀವು ಐಟಿಐ ಅಥವಾ ಡಿಪ್ಲೊಮಾ ಓದಿದ್ದರೆ ಫೆರಿಕ್ ಕ್ಲೋರೈಡಿನಲ್ಲಿ ಪಿಸಿಬಿ ಮಾಡಿರುತ್ತೀರಿ. ತಾಮ್ರದ ಹಾಳೆಯಿರುವ ಬೋರ್ಡನ್ನು ಕಂದು ದ್ರಾವಣದಲ್ಲಿ ಅದ್ದಿ ಅಲ್ಲಾಡಿಸಿದರೆ ಬೇಡದ ತಾಮ್ರ ಕರಗಿ ಹೋಗುತ್ತದೆ. ಹೊಗೆ ಇಲ್ಲ. ಯಾಕೆಂದರೆ ಇಲ್ಲಿ ತಾಮ್ರವನ್ನು ಕರಗಿಸುವುದು ಮೂರು ಚಾರ್ಜಿನ ಕಬ್ಬಿಣ, ಅಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಅದರ ಮೆಟ್ಟಿಲು 0.77. ತಾಮ್ರಕ್ಕಿಂತ ಮೇಲೆ, ಆದ್ದರಿಂದ ತಾಮ್ರ ಕರಗುತ್ತದೆ. ಚಿನ್ನಕ್ಕಿಂತ ಎಷ್ಟೋ ಕೆಳಗೆ, ಆದ್ದರಿಂದ ಚಿನ್ನವನ್ನು ಮುಟ್ಟುವುದಿಲ್ಲ. ಕೆಲಸ ಮಾಡಿದ ಕಬ್ಬಿಣ ಎರಡು ಚಾರ್ಜಿಗೆ ಇಳಿದು ಸುಸ್ತಾಗುತ್ತದೆ. ಲ್ಯಾಬಿನಲ್ಲಿ ಆ ಸುಸ್ತಾದ ನೀರನ್ನು ಚೆಲ್ಲಿ ಹೊಸದು ತರುತ್ತಿದ್ದೆವು.

ಹೊಸ ದಾರಿಯ ಜೀವ ಇರುವುದು ಇಲ್ಲೇ. ಆ ನೀರನ್ನು ಚೆಲ್ಲದೆ ಎರಡು ತಟ್ಟೆ ಇಟ್ಟು ಕರೆಂಟ್ ಹಾಯಿಸುತ್ತಾರೆ. ಪ್ಲಸ್ ತಟ್ಟೆಯ ಹತ್ತಿರ ಸುಸ್ತಾದ ಕಬ್ಬಿಣ ಎಲೆಕ್ಟ್ರಾನ್ ಕೊಟ್ಟು ಮತ್ತೆ ಮೂರು ಚಾರ್ಜಿಗೆ ಏರುತ್ತದೆ. ಅದೇ ಎಲೆಕ್ಟ್ರಾನ್ ತಂತಿಯಲ್ಲಿ ಹೋಗಿ ಮೈನಸ್ ತಟ್ಟೆಯಲ್ಲಿ ತಾಮ್ರವನ್ನು ಲೋಹ ಮಾಡಿ ಕೂರಿಸುತ್ತದೆ. ದ್ರಾವಣ ಮತ್ತೆ ಬೋರ್ಡುಗಳ ಡ್ರಮ್ಮಿಗೆ ಹೋಗುತ್ತದೆ. ಸುತ್ತು ಪೂರ್ತಿ ಆದಮೇಲೆ ಲೆಕ್ಕ ಹಾಕಿದರೆ ತಾಮ್ರ ಬೋರ್ಡಿನಿಂದ ತಟ್ಟೆಗೆ ನಡೆದು ಹೋಗಿದೆ, ಅಷ್ಟೆ. ಖರ್ಚಾದದ್ದು ಕರೆಂಟು. ಅಮೆರಿಕದ ಐಡಹೋ ನ್ಯಾಷನಲ್ ಲ್ಯಾಬೊರೇಟರಿಯವರು ಫೋನುಗಳ ಮೇಲೆ ಈ ಕಬ್ಬಿಣದ ದಾರಿಯನ್ನೇ ಪ್ರಯೋಗಿಸಿದ್ದಾರೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಫ್ಯಾರಡೆ ನಿಯಮದ ಪ್ರಕಾರ 1.19 ಗ್ರಾಂ ತಾಮ್ರ ಕೂರಬೇಕು. 2 ವೋಲ್ಟ್ ಅಂತ ಹಿಡಿದರೂ ಒಂದು ಕೆಜಿ ತಾಮ್ರಕ್ಕೆ ಎರಡು ಯೂನಿಟ್‌ಗಿಂತ ಕಮ್ಮಿ ಕರೆಂಟು. ನಾಲ್ಕು ಕೆಜಿ ನೈಟ್ರಿಕ್ ಎಲ್ಲಿ, ಎರಡು ಯೂನಿಟ್ ಎಲ್ಲಿ!

ಇದರಲ್ಲಿ ಆಸಿಡ್ ಇಲ್ಲವೇ ಇಲ್ಲ ಅಂತಲ್ಲ. ಕಬ್ಬಿಣ ತುಕ್ಕಿನ ಹಾಗೆ ಗಸಿಯಾಗಿ ಇಳಿಯದಿರಲು ತೆಳುವಾದ ಸಲ್ಫ್ಯೂರಿಕ್ ಆಸಿಡ್ ಬೇಕೇ ಬೇಕು. ‘ಆಸಿಡ್ ಇಲ್ಲದೆ’ ಅಂತ ನಿಮಗೆ ಹೇಳಿದವರು ಅರ್ಧ ಹೇಳಿದ್ದಾರೆ. ನಿಜವಾದ ವ್ಯತ್ಯಾಸ ಅಂದರೆ, ಅದೇ ದ್ರಾವಣ ಸುತ್ತಿ ಸುತ್ತಿ ಬರುತ್ತದೆ, ಒಮ್ಮೆ ಬಳಸಿ ಚೆಲ್ಲುವಂತಿಲ್ಲ. ಇನ್ನೊಂದು ವಿಷಯ. ಕಾರ್ಖಾನೆಯಲ್ಲಿ ಮೊದಲ ಹಂತಕ್ಕೆ ಕ್ಲೋರೈಡಿಗಿಂತ ಸಲ್ಫೇಟ್ ವಾಸಿ. ಕ್ಲೋರೈಡ್ ಇದ್ದರೆ ಪಲ್ಲಾಡಿಯಂ ತಾಮ್ರದ ಜೊತೆಗೇ ಕರಗಲು ಶುರುವಾಗುತ್ತದೆ.

ತಾಮ್ರ ಹೋಯಿತು, ಅದರ ಮೇಲಿನ ನಿಕ್ಕಲ್ ಪದರವೂ ಹೋಯಿತು. ಆಗ ಚಿನ್ನಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ತೆಳು ರೇಕಿನ ಹಾಗೆ ಕಳಚಿ ತಳಕ್ಕೆ ಬೀಳುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಇಷ್ಟು ಹೊತ್ತು ಯಾರೂ ಚಿನ್ನದ ಸುದ್ದಿಗೇ ಹೋಗಿರಲಿಲ್ಲ, ಅದು ತಾನಾಗಿ ಬಂದು ಕೂತಿತ್ತು.

ಆ ರೇಕನ್ನು ಶುದ್ಧ ಮಾಡಲು ಒಮ್ಮೆ ಕರಗಿಸಬೇಕು. 1.50ರ ಮೆಟ್ಟಿಲನ್ನು ಹತ್ತುವುದು ಹೇಗೆ? ಹತ್ತುವುದಲ್ಲ, ಮೆಟ್ಟಿಲನ್ನೇ ಇಳಿಸುವುದು. ಸುತ್ತ ಉಪ್ಪಿನ ಕ್ಲೋರೈಡ್ ಇದ್ದರೆ ಅದು ಕರಗುತ್ತಿರುವ ಚಿನ್ನವನ್ನು ಕೈಹಿಡಿದುಕೊಳ್ಳುತ್ತದೆ, ಮೆಟ್ಟಿಲು 1.00ಕ್ಕೆ ಇಳಿಯುತ್ತದೆ. ಕ್ಲೋರಿನ್ನಿನ ಮೆಟ್ಟಿಲು 1.36, ಹಾಗಾಗಿ ಸಲೀಸಾಗಿ ಕರಗುತ್ತದೆ. ಕ್ಲೋರಿನ್ನನ್ನು ಹೊರಗಿಂದ ತರಬೇಕಾಗಿಲ್ಲ. ಉಪ್ಪುನೀರಿಗೆ ಕರೆಂಟ್ ಹಾಯಿಸಿದರೆ ಪ್ಲಸ್ ತಟ್ಟೆಯಲ್ಲಿ ಹುಟ್ಟುತ್ತದೆ. ಕಾರವಾರದ ಹತ್ತಿರ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ನಡೆಯುವ ಕೆಲಸದ ಬುಡವೂ ಇದೇ, ಉಪ್ಪುನೀರು ಮತ್ತು ಕರೆಂಟು. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಬೆಳೆಯುವ ಉಪ್ಪು, ಕಾಳಿ ನದಿಯ ಕರೆಂಟು, ಇಷ್ಟರಿಂದ ಚಿನ್ನ ಕರಗಿಸುವ ದ್ರಾವಣ ಆಗುತ್ತದೆ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳ ಕಣ್ಣು ಅರಳುತ್ತಿತ್ತು. ಕ್ಲೋರಿನ್ ಮಾತ್ರ ಸಾಮಾನ್ಯದ್ದಲ್ಲ. ಮುಚ್ಚಿದ ಪಾತ್ರೆಯಿಂದ ಒಂದಿಷ್ಟು ಹೊರಬಿದ್ದರೂ ಕೋಣೆಯಲ್ಲಿ ನಿಲ್ಲಲು ಆಗುವುದಿಲ್ಲ.

ಕ್ಲೋರಿನ್ ಬೇಡ ಅನ್ನುವವರು ಥಯೋಸಲ್ಫೇಟ್ ಹಿಡಿದಿದ್ದಾರೆ. ಹಳೇ ಫೋಟೋ ಸ್ಟುಡಿಯೋದವರಿಗೆ ಇದು ಹೈಪೋ ಅಂತ ಗೊತ್ತು, ಸಿಗಡಿ ಮರಿ ಸಾಕುವವರು ನೀರಿನ ಕ್ಲೋರಿನ್ ಕೊಲ್ಲಲು ಹಾಕುವುದೂ ಇದನ್ನೇ. ನೆವಾಡದ ಗೋಲ್ಡ್‌ಸ್ಟ್ರೈಕ್ ಗಣಿಯಲ್ಲಿ ಸಯನೈಡ್ ಬದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದಾರೆ. ಆದರೆ ತಾಮ್ರ ಜಾಸ್ತಿ ಉಳಿದಿದ್ದರೆ ಥಯೋಸಲ್ಫೇಟ್ ತಾನೇ ಕೆಟ್ಟು ಹೋಗುತ್ತದೆ. ನೋಡಿ, ಮತ್ತೆ ತಾಮ್ರಕ್ಕೇ ಬಂದೆವು. ಥಯೋಯೂರಿಯಾ ಅಂತ ಇನ್ನೊಂದಿದೆ, ಅದನ್ನು ‘ಹಸಿರು’ ಅಂತ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕ್ಯಾನ್ಸರ್ ತರುವ ಗುಮಾನಿ ಇದೆ.

ಕರಗಿದ ಚಿನ್ನವನ್ನು ಮತ್ತೆ ಮೈನಸ್ ತಟ್ಟೆಗೆ ತರುವಾಗ ಬೇರೆಯದೇ ತೊಡಕು ಎದುರಾಗುತ್ತದೆ. ಬಹಳಷ್ಟು ನೀರಿನಲ್ಲಿ ತೀರಾ ಕಮ್ಮಿ ಚಿನ್ನ. ಚಪ್ಪಟೆ ತಟ್ಟೆ ಇಟ್ಟರೆ ಚಿನ್ನದ ಕಣ ಅದರ ಹತ್ತಿರ ಬರುವುದೇ ಅಪರೂಪ. ಹರಿದ ಕರೆಂಟೆಲ್ಲ ನೀರನ್ನು ಒಡೆದು ಹೈಡ್ರೋಜನ್ ಗುಳ್ಳೆ ಮಾಡುವುದಕ್ಕೇ ಖರ್ಚು. ಒಂದು ಗಾಳ ಹಿಡಿದು ಸಮುದ್ರದ ಮುಂದೆ ಕೂತ ಹಾಗೆ. ನಮ್ಮ ಕಡಲತೀರದವರು ಇದಕ್ಕೆ ಎಂದೋ ಉತ್ತರ ಕಂಡುಕೊಂಡಿದ್ದಾರೆ, ರಂಪಣಿ. ಅಲ್ಲಿ ಮೀನು ಬರಲಿ ಅಂತ ಕಾಯುವುದಿಲ್ಲ, ಇಡೀ ನೀರನ್ನೇ ಬಲೆಯಿಂದ ಸುತ್ತುತ್ತಾರೆ. ಹಾಗೆಯೇ ಇಲ್ಲಿ ತಟ್ಟೆಯ ಬದಲು ಕಾರ್ಬನ್ ಎಳೆಗಳ ಕಂಬಳಿಯಂಥ ಫೆಲ್ಟ್ ಇಟ್ಟು, ದ್ರಾವಣವನ್ನು ಅದರ ಒಳಗಿಂದಲೇ ಹಾಯಿಸುತ್ತಾರೆ. ಒಂದೊಂದು ಎಳೆಯೂ ಒಂದೊಂದು ತಟ್ಟೆ. ಇನ್ನೊಂದು ಉಪಾಯ, ಮೊದಲು ಚಿನ್ನವನ್ನು ಯಾವುದಾದರೂ ವಸ್ತುವಿಗೆ ಹೀರಿಸುವುದು. ತೆಂಗಿನ ಚಿಪ್ಪಿನ ಇದ್ದಿಲನ್ನು ಚಿನ್ನದ ಗಣಿಗಳಲ್ಲಿ ಇದಕ್ಕೇ ಬಳಸುತ್ತಾರೆ. 2024ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜೂರಿಕ್‌ನವರು ಹಾಲೊಡಕ ನೀರಿನ ಪ್ರೋಟೀನಿನಿಂದ ಸ್ಪಂಜು ಮಾಡಿ, 20 ಕಂಪ್ಯೂಟರ್ ಮದರ್‌ಬೋರ್ಡುಗಳಿಂದ 450 ಮಿಲಿಗ್ರಾಂ ತೂಕದ ಒಂದು ಗಟ್ಟಿ ತೆಗೆದರು. ಅದರಲ್ಲಿ ಶೇ. 91 ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ. ಚೀಸ್ ಮಾಡಿ ಉಳಿದ ನೀರಿನಿಂದ 22 ಕ್ಯಾರೆಟ್!

ಇಷ್ಟು ಚೆಂದ ಇದ್ದಮೇಲೆ ನಿಮಗೆ ಯಾಕೆ ಬೇಡ ಅನ್ನುತ್ತಿದ್ದೇನೆ? ಮೊದಲ ಕಾರಣ, ಬೋರ್ಡಿನ ಚಿನ್ನ ಎಲ್ಲ ಹೊರಗೆ ಕಾಣುವುದಿಲ್ಲ. ಐಸಿಯ, ಅಂದರೆ ಚಿಪ್ಪಿನ, ಕಪ್ಪು ಮೈ ಒಳಗೆ ಕೂದಲಿಗಿಂತ ಸಣ್ಣ ಚಿನ್ನದ ತಂತಿಗಳಿವೆ. ಅಲ್ಲಿಗೆ ದ್ರಾವಣ ಹೋಗಬೇಕಾದರೆ ಬೋರ್ಡನ್ನು ಪುಡಿ ಮಾಡಬೇಕು. ಪುಡಿಯಲ್ಲಿ ಗಾಜಿನ ನಾರು, ಸೀಸ, ಬ್ರೋಮಿನ್ ಇರುವ ಬೆಂಕಿ ನಿರೋಧಕ ಎಲ್ಲ ಇರುತ್ತದೆ. ಅದಕ್ಕೆ ಧೂಳು ಎಳೆಯುವ ವ್ಯವಸ್ಥೆ ಬೇಕು. ಬೆಸುಗೆ ಬಿಡಿಸಲು ಸುಡುವುದಂತೂ ಬೇಡವೇ ಬೇಡ, ಬ್ರೋಮಿನ್ ಇದ್ದ ಪ್ಲಾಸ್ಟಿಕ್ ಅರೆಬರೆ ಬೆಂದರೆ ಡೈಆಕ್ಸಿನ್ ಜಾತಿಯ ವಿಷ ಹುಟ್ಟುತ್ತದೆ.

ಎರಡನೆಯದು ನನಗೆ ಇನ್ನೂ ದೊಡ್ಡದು. ಸುತ್ತುವ ದ್ರಾವಣವೂ ಒಂದು ದಿನ ಕೆಡುತ್ತದೆ. ನಿಕ್ಕಲ್, ಸತು, ತವರ ಸೇರುತ್ತಾ ಹೋಗಿ ಒಂದಷ್ಟನ್ನು ಹೊರಗೆ ತೆಗೆದು ಶುದ್ಧ ಮಾಡಲೇಬೇಕು. ಕಾರ್ಖಾನೆಯಲ್ಲಿ ಅದಕ್ಕೆ ಘಟಕ ಇರುತ್ತದೆ. ನಿಮ್ಮ ಅಂಗಡಿಯಲ್ಲಿ ಇರುವುದು ಚರಂಡಿ. ಅಘನಾಶಿನಿ ಹುಟ್ಟುವುದು ನಿಮ್ಮ ಊರಿನ ಶಂಕರಹೊಂಡದಲ್ಲೇ ಅಲ್ವಾ? ಎಲ್ಲೂ ಅಣೆಕಟ್ಟಿಲ್ಲದೆ ಘಟ್ಟ ಇಳಿದು ಕುಮಟಾದ ಅಳಿವೆಗೆ ಹೋಗುತ್ತದೆ. ಅಲ್ಲಿ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಕಗ್ಗ ಭತ್ತ ಬೆಳೆಯುತ್ತಾರೆ, ಹೆಂಗಸರು ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಹೆಕ್ಕುತ್ತಾರೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಚಿಪ್ಪಿಯ ಹೊಟ್ಟೆಪಾಡೇ ನೀರು ಸೋಸುವುದು. ನೀರಿನಲ್ಲಿದ್ದ ತಾಮ್ರ, ಸೀಸ ಅದರ ಮೈಯಲ್ಲೇ ಕೂಡುತ್ತದೆ. ಅದರ ಮರಿಗಳಿಗೆ ತೀರಾ ಸ್ವಲ್ಪ ತಾಮ್ರವೂ ಮಾರಕ.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಯಾಕೆಂದರೆ ಯಾರಿಗಾದರೂ ಹೊಳೆದೇ ಹೊಳೆಯುತ್ತದೆ. ಬೋರ್ಡಿನ ತಾಮ್ರ ಸಲ್ಫ್ಯೂರಿಕ್‌ನಲ್ಲಿ ಕರಗಿದಾಗ ಬರುವ ನೀಲಿ ನೀರು ಮೈಲುತುತ್ತದ ನೀರೇ ಅಲ್ವಾ, ತೋಟಕ್ಕೆ ಹೊಡೆದರಾಯಿತು ಅಂತ. ಹೊಡೆಯಬೇಡಿ. ಬಣ್ಣ ಒಂದೇ ಆದರೂ ಇದರಲ್ಲಿ ನಿಕ್ಕಲ್, ಸೀಸ ಸೇರಿರುತ್ತದೆ.

ಕಾನೂನೂ ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಅಲ್ಲೇ ನೋಂದಾಯಿತ ಘಟಕಗಳ ಪಟ್ಟಿ ಸಿಗುತ್ತದೆ, ಬೆಂಗಳೂರಿನ ಸುತ್ತಮುತ್ತಲಿನವೂ ಇವೆ.

ನಿಮ್ಮ ಕೈಯಲ್ಲಿ ಇರುವ ಕೆಲಸ ಬೇರೆ, ಅದು ಸಣ್ಣದಲ್ಲ. ಚೀಲ ಬಿಚ್ಚಿ ವಿಂಗಡಿಸಿ. ಬ್ಯಾಟರಿಗಳನ್ನು ಮೊದಲು ಬೇರೆ ಮಾಡಿ, ಉಬ್ಬಿದವನ್ನು ಒತ್ತಬೇಡಿ, ಚುಚ್ಚಬೇಡಿ, ಒಣ ಮರಳಿನ ಡಬ್ಬದಲ್ಲಿಡಿ. ಫೋನಿನ ಮೇನ್ ಬೋರ್ಡುಗಳು ಒಂದು ಕಡೆ, ಚಾರ್ಜರ್ ಬೋರ್ಡುಗಳು ಇನ್ನೊಂದು ಕಡೆ. ಚಾರ್ಜರ್ ಬೋರ್ಡಿನಲ್ಲಿ ಚಿನ್ನ ಇಲ್ಲವೆಂದೇ ಹೇಳಬಹುದು. ಎರಡನ್ನೂ ಕಲಸಿ ಕೊಟ್ಟರೆ ಗುಜರಿಯವರು ಚಾರ್ಜರಿನ ರೇಟನ್ನೇ ಕೊಡುತ್ತಾರೆ. ಶಿರಸಿ, ಕುಮಟಾ, ಕಾರವಾರದ ರಿಪೇರಿಯವರು ನಾಲ್ಕಾರು ಜನ ಒಟ್ಟಾಗಿ ಕಳಿಸಿದರೆ ಲಾರಿ ಖರ್ಚೂ ಹಂಚಿಹೋಗುತ್ತದೆ, ರೇಟು ಕೇಳುವ ದನಿಗೂ ಬಲ ಬರುತ್ತದೆ. ನಮ್ಮ ಜಿಲ್ಲೆಯಲ್ಲೇ ಇಂಥದೊಂದು ಸಣ್ಣ ಘಟಕ ಆಗಬೇಕು ಅಂತ ನನಗೆ ಬಹಳ ಆಸೆ ಇದೆ. ಅದಕ್ಕೆ ಮೊದಲು ಬೇಕಾದದ್ದು ಹೀಗೆ ವಿಂಗಡಿಸಿದ ಮಾಲು ವರ್ಷವಿಡೀ ಬರುತ್ತದೆ ಅನ್ನುವ ಖಾತ್ರಿ.

ಆದರೂ ಕಣ್ಣಾರೆ ನೋಡುವ ಆಸೆ ನಿಮಗಿದೆ ಅಂತ ಪ್ರಶ್ನೆಯಲ್ಲೇ ಕಾಣುತ್ತದೆ. ಬೋರ್ಡು ಬೇಡ, ಮೈಲುತುತ್ತ ಸಾಕು. ಅಡುಗೆಗೆ ಬಳಸದ ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ಚಮಚ ಮೈಲುತುತ್ತ ಕರಗಿಸಿ. ಬೆರಳಗಲದ ಎರಡು ತಾಮ್ರದ ಪಟ್ಟಿಗಳನ್ನು ಮರಳುಕಾಗದದಿಂದ ಉಜ್ಜಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ಬರೆದಿಟ್ಟುಕೊಳ್ಳಿ. ಒಂದಕ್ಕೊಂದು ತಾಗದ ಹಾಗೆ ಲೋಟದಲ್ಲಿ ಇಳಿಬಿಡಿ. ನಿಮ್ಮ ಮೇಜಿನ ಮೇಲೆ ಡಿಸಿ ಪವರ್ ಸಪ್ಲೈ ಇದ್ದೇ ಇರುತ್ತದಲ್ಲ, ಅದರ ಪ್ಲಸ್ ಒಂದಕ್ಕೆ, ಮೈನಸ್ ಇನ್ನೊಂದಕ್ಕೆ. ಕರೆಂಟನ್ನು 0.1 ಆಂಪಿಯರ್‌ಗೆ ಕಟ್ಟಿ ಸರಿಯಾಗಿ ಒಂದು ಗಂಟೆ ಬಿಡಿ. ಆಮೇಲೆ ಪಟ್ಟಿಗಳನ್ನು ಉಜ್ಜದೆ ನೀರಿನಲ್ಲಿ ಅದ್ದಿ ತೆಗೆದು, ಪೂರ್ತಿ ಒಣಗಿಸಿ ಮತ್ತೆ ತೂಗಿಸಿ. ಪ್ಲಸ್ ಪಟ್ಟಿ 0.12 ಗ್ರಾಂ ಹತ್ತಿರ ಇಳಿದಿರಬೇಕು, ಮೈನಸ್ ಪಟ್ಟಿ ಅಷ್ಟೇ ಏರಿರಬೇಕು. ಕೈ ತೊಳೆದುಕೊಳ್ಳಿ, ಲೋಟ ಮಕ್ಕಳ ಕೈಗೆ ಸಿಗದಂತೆ ಇಡಿ, ನೀರನ್ನು ಚೆಲ್ಲದೆ ಇನ್ನೊಮ್ಮೆಗೆ ಎತ್ತಿಡಿ. ನಿಮಗೆ ಬಂದ ತೂಕ ಎಷ್ಟೇ ಇರಲಿ, ನನಗೆ ಬರೆದು ತಿಳಿಸಿ.